ಟೆಸೆರಾಕ್ಟ್ 5 ಬಿಲ್ಡ್ ಆಯ್ತು, ಆದರೆ ಪಿಎನ್‌ಜಿ ಫೈಲ್ ಓದುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನನ್ನದು ಉಬುಂಟು 20.04 ಲಿನಕ್ಸ್. ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ಟೆಸೆರಾಕ್ಟ್ ಬಳಸುತ್ತಿದ್ದೇನೆ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಆಪ್ಟ್ ಮೂಲಕ ಸಿಗುವುದು ಅದರ 4.1.1. ನನಗೆ 5 ಬೇಕಿತ್ತು, ಹಾಗಾಗಿ ಸೋರ್ಸ್ ಕೋಡ್ ಇಳಿಸಿಕೊಂಡು, ಅದರಿಂದ ಪ್ರೋಗ್ರಾಂ ತಯಾರಿಸುವ ಬಿಲ್ಡ್ ಕೆಲಸ ನಾನೇ ಮಾಡಿದೆ. ಮೊದಲು ಅದಕ್ಕೆ ಬೇಕಾದ ಲೆಪ್ಟೋನಿಕಾ ಲೈಬ್ರರಿ, ಆಮೇಲೆ ಟೆಸೆರಾಕ್ಟ್. ಎರಡೂ ಒಂದೇ ಒಂದು ಎರರ್ ಇಲ್ಲದೆ ಮುಗಿದವು. ಆದರೆ ಸ್ಕ್ಯಾನ್ ಮಾಡಿದ ಪುಟ ಕೊಟ್ಟರೆ 'ಪಿಕ್ಸ್‌ರೀಡ್‌ಸ್ಟ್ರೀಮ್‌ಪಿಎನ್‌ಜಿ: ಫಂಕ್ಷನ್ ನಾಟ್ ಪ್ರೆಸೆಂಟ್' ಅಂತ ಬಂದು ನಿಲ್ಲುತ್ತದೆ. ಟೆಸೆರಾಕ್ಟನ್ನು ಮೂರು ಸಲ ತೆಗೆದು ಮತ್ತೆ ಹಾಕಿದೆ, ಅದೇ ಕತೆ.

ಇದು ನಮ್ಮೂರ ಜಾತ್ರೆಯ ಹಳೇ ಸ್ಮರಣ ಸಂಚಿಕೆ. ಉಳಿದಿರುವುದು ಒಂದೇ ಪ್ರತಿ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ದಯವಿಟ್ಟು ದಾರಿ ಹೇಳಿ.

ಉತ್ತರ:
ಟೆಸೆರಾಕ್ಟ್ ಸರಿಯಾಗಿಯೇ ಇದೆ ಸರ್, ಅದನ್ನು ಮುಟ್ಟಬೇಡಿ. ಚಿತ್ರ ತೆರೆಯುವ ಕೆಲಸ ಲೆಪ್ಟೋನಿಕಾದ್ದು. ಬಿಲ್ಡ್‌ಗೆ ಮುಂಚೆ ಅದನ್ನು ಕಾನ್ಫಿಗರ್ ಮಾಡುವಾಗ ಪಿಎನ್‌ಜಿ, ಜೆಪೆಗ್, ಟಿಫ್ ಚಿತ್ರಗಳನ್ನು ಓದುವ ಲೈಬ್ರರಿಗಳ ಹೆಡರ್ ಫೈಲ್‌ಗಳು (ಆ ಲೈಬ್ರರಿ ಬಳಸಿ ಬಿಲ್ಡ್ ಮಾಡಲು ಬೇಕಾದವು) ಸಿಗದಿದ್ದರೂ ಬಿಲ್ಡ್ ನಿಲ್ಲುವುದಿಲ್ಲ. ಆ ಭಾಗವನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೇ ನಿಮಗೆ ಎರರ್ ಕಾಣಲಿಲ್ಲ.

ಟರ್ಮಿನಲ್‌ನಲ್ಲಿ 'ಟೆಸೆರಾಕ್ಟ್ --ವರ್ಷನ್' ಕೊಟ್ಟು ನೋಡಿ. ಲೆಪ್ಟೋನಿಕಾ ಸಾಲಿನ ಕೆಳಗೆ ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಹೆಸರುಗಳು ಬರಬೇಕು. ಬಾರದಿದ್ದರೆ ಇದೇ ಕಾರಣ.

ಲಿಬ್‌ಪಿಎನ್‌ಜಿ-ಡೆವ್, ಲಿಬ್‌ಜೆಪೆಗ್-ಡೆವ್, ಲಿಬ್‌ಟಿಫ್-ಡೆವ್ ಮೂರನ್ನೂ ಆಪ್ಟ್‌ನಿಂದ ಹಾಕಿ. ಕೊನೆಯ ಆ 'ಡೆವ್' ಮುಖ್ಯ, ಹೆಡರ್‌ಗಳು ಇರುವುದು ಅದರಲ್ಲೇ. ಆಮೇಲೆ ಲೆಪ್ಟೋನಿಕಾ ಫೋಲ್ಡರ್‌ನಲ್ಲಿ ಮೇಕ್ ಕ್ಲೀನ್ ಕೊಟ್ಟು, ಕಾನ್ಫಿಗರ್‌ನಿಂದ ಮತ್ತೆ ಶುರು ಮಾಡಿ. ಇನ್‌ಸ್ಟಾಲ್ ಮುಗಿದ ಮೇಲೆ 'ಸುಡೋ ಎಲ್‌ಡಿಕಾನ್ಫಿಗ್' ಮರೆಯಬೇಡಿ, ಹೊಸ ಲೈಬ್ರರಿ ಸಿಸ್ಟಮ್‌ಗೆ ಗೊತ್ತಾಗುವುದು ಅದರಿಂದಲೇ.

ನಿಜ ಹೇಳಬೇಕೆಂದರೆ ಲೆಪ್ಟೋನಿಕಾವನ್ನು ಬಿಲ್ಡ್ ಮಾಡುವ ಅಗತ್ಯವೇ ಇರಲಿಲ್ಲ. 20.04ರಲ್ಲಿ ಸಿಗುವ 1.79 ಟೆಸೆರಾಕ್ಟ್ 5ಕ್ಕೆ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು:
ಹೌದು ಸರ್, ಆ ಸಾಲಿನಲ್ಲಿ ಝೀಲಿಬ್ ಒಂದೇ ಇತ್ತು! ನೀವು ಹೇಳಿದಂತೆ ಮಾಡಿದೆ, ಚಿತ್ರ ತೆರೆಯುತ್ತಿದೆ. ಈಗ ಕನ್ನಡ ಅಕ್ಷರ ಗುರುತಿಸಲು ಬೇಕಾದ ಡೇಟಾ ಸಿಗುತ್ತಿಲ್ಲ ಅನ್ನುತ್ತಿದೆ. ಅದನ್ನು ಮೊದಲೇ ಆಪ್ಟ್‌ನಿಂದ ಹಾಕಿದ್ದೆನಲ್ಲಾ?

ಉತ್ತರ:
ಆಪ್ಟ್ ಅದನ್ನು ಬೇರೆ ಜಾಗದಲ್ಲಿ ಇಡುತ್ತದೆ. ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದು ಹುಡುಕುವುದು ಯುಎಸ್‌ಆರ್, ಲೋಕಲ್, ಶೇರ್ ಒಳಗಿನ ಟೆಸ್‌ಡೇಟಾ ಫೋಲ್ಡರ್‌ನಲ್ಲಿ. ಹಳೆಯದನ್ನು ಅಲ್ಲಿಗೆ ಕಾಪಿ ಮಾಡಿದರೂ ನಡೆಯುತ್ತದೆ. ಆದರೆ ಇಷ್ಟು ಕಷ್ಟಪಟ್ಟಿದ್ದೀರಿ, 'ಬೆಸ್ಟ್' ಹೆಸರಿನ ಕನ್ನಡ ಡೇಟಾ ಇಳಿಸಿ ಹಾಕಿ. ಸ್ವಲ್ಪ ನಿಧಾನ, ಆದರೆ ಒತ್ತಕ್ಷರ ಜಾಸ್ತಿ ಇರುವ ಹಳೇ ಅಚ್ಚಿಗೆ ನಾನು ಅದನ್ನೇ ಬಳಸುವುದು. ಸ್ಕ್ಯಾನ್ 300 ಡಿಪಿಐ ಇರಲಿ.

ಪ್ರಶ್ನೆ ಕೇಳಿದವರು:
ಬಂತು ಸರ್! ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ನಮ್ಮಜ್ಜನ ಹೆಸರು ಒಂದಕ್ಷರ ತಪ್ಪಿಲ್ಲದೆ ಬಂದಿದೆ. ಪಕ್ಕದ ಕನ್ನಡ ಅಂಕಿಗಳಲ್ಲಿ ಕೆಲವು ತಪ್ಪಾಗಿವೆ, ಅವನ್ನು ಕೂತು ಕೈಯಲ್ಲೇ ತಿದ್ದುತ್ತೇನೆ. ತುಂಬಾ ಥ್ಯಾಂಕ್ಸ್.