ಮುಟ್ಟು ನಿಂತಿದೆ ಅಂತ ಐರನ್ ಮಾತ್ರೆ ಶುರು ಮಾಡ್ಬೇಡಿ
ಅತ್ತಿಗೆ, ಮಗಳಿಗೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದ್ರೆ), ಮೂರು ತಿಂಗಳಿಂದ ಮುಟ್ಟಾಗಿಲ್ಲ, ರಕ್ತ ಕಮ್ಮಿ ಇರ್ಬೇಕು, ಐರನ್ ಮಾತ್ರೆ ಕೊಡ್ಲಾ ಅಂತ ಕೇಳಿದ್ರಲ್ಲ, ಸ್ವಲ್ಪ ತಡೀರಿ. ಪಿಸಿಓಎಸ್‌ನಲ್ಲಿ ಅಂಡಾಶಯದಿಂದ ಮೊಟ್ಟೆ ಹೊರಗೆ ಬರ್ದೇ ಮುಟ್ಟು ತಪ್ಪುತ್ತೆ. ಮುಟ್ಟೇ ಇಲ್ದಿದ್ರೆ ಕಬ್ಬಿಣ ಹೋಗೋದೂ ಕಮ್ಮಿ. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಕೆಲವರಲ್ಲಿ ಲಿವರ್‌ನಿಂದ ಬರೋ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ತಗ್ಗಿ, ಕರುಳು ಕಬ್ಬಿಣನ ಹೆಚ್ಚೇ ಎಳ್ಕೊಳ್ಳುತ್ತೆ. ಅಂಥೋರಿಗೆ ಎಷ್ಟೋ ಸಲ ಮಾತ್ರೆ ಬೇಕಾಗೋದೇ ಇಲ್ಲ.

ಆದ್ರೆ ಗರ್ಭಕೋಶದ ಒಳಪದರ ತಿಂಗಳುಗಟ್ಟಲೆ ದಪ್ಪ ಆಗಿ, ಒಂದ್ಸಲ ಮುಟ್ಟು ಶುರುವಾದ್ರೆ ಗಡ್ಡೆಗಡ್ಡೆಯಾಗಿ ವಾರ ದಾಟಿ ರಕ್ತ ಹೋಗೋರೂ ಇದಾರೆ. ಅವ್ರಿಗೆ ನಿಜವಾಗ್ಲೂ ಕೊರತೆ ಆಗುತ್ತೆ. ಮುಖ ನೋಡಿ ಇದು ಗೊತ್ತಾಗಲ್ಲ.

ಸಿಬಿಸಿ (ರಕ್ತಕಣಗಳ ಲೆಕ್ಕ, ಹಿಮೋಗ್ಲೋಬಿನ್ ಇದರಲ್ಲೇ ಬರುತ್ತೆ), ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಶೇಖರಣೆ ಎಷ್ಟಿದೆ ಅನ್ನೋದು), ಸಿಆರ್‌ಪಿ (ಉರಿಯೂತ ಇದೆಯಾ ಅನ್ನೋದು) ಮೂರೂ ರಕ್ತಪರೀಕ್ಷೆ ಒಟ್ಟಿಗೆ ಮಾಡ್ಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ರೆ ರಕ್ತಹೀನತೆ. ಫೆರಿಟಿನ್ 15ಕ್ಕಿಂತ ಕಮ್ಮಿ ಇದ್ರೆ ಕಬ್ಬಿಣ ಖಾಲಿ, ಅನುಮಾನವೇ ಬೇಡ. ಜ್ವರ, ಉರಿಯೂತ, ಫ್ಯಾಟಿ ಲಿವರ್ ಇದ್ರೆ ಫೆರಿಟಿನ್ ಸುಮ್ನೆ ಏರಿರುತ್ತೆ, ಸಿಆರ್‌ಪಿ ಅದಕ್ಕೇ. ಸಿಆರ್‌ಪಿ ಜಾಸ್ತಿ ಬಂದ್ರೆ ಫೆರಿಟಿನ್ 50 ಇದ್ರೂ ಕೊರತೆ ಇರ್ಬಹುದು. ಮೆಟ್‌ಫಾರ್ಮಿನ್ (ಪಿಸಿಓಎಸ್‌ಗೂ ಕೊಡೋ ಸಕ್ಕರೆ ಮಾತ್ರೆ) ತುಂಬಾ ದಿನದಿಂದ ತಗೊಳ್ತಿದ್ರೆ ಬಿ12 ಸಹ ನೋಡ್ಸಿ. ಕಬ್ಬಿಣ ಕಮ್ಮಿ ಇರುವಾಗ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ) ಇರೋದಕ್ಕಿಂತ ಹೆಚ್ಚು ತೋರಿಸಬಹುದು, ಅದೊಂದನ್ನೇ ನೋಡಿ ಸಕ್ಕರೆ ಕಾಯಿಲೆ ಅಂತ ಹೆದರ್ಬೇಡಿ.

ಡಾಕ್ಟ್ರು ಮಾತ್ರೆ ಬರ್ದ್ರೆ ಸ್ಟ್ರಿಪ್ ಹಿಂದೆ ಎಲಿಮೆಂಟಲ್ ಐರನ್ (ಮಾತ್ರೆಯಲ್ಲಿರೋ ನಿಜವಾದ ಕಬ್ಬಿಣ) ಎಷ್ಟು ಮಿಲಿಗ್ರಾಂ ಅಂತ ಓದಿ, ಲೆಕ್ಕ ಅದರದ್ದೇ. ದಿನ ಬಿಟ್ಟು ದಿನ 60 ಸಾಕಾ ಅಂತ ಅವರನ್ನೇ ಕೇಳಿ. ಹಾಗೆ ತಗೊಂಡ್ರೆ ಚೆನ್ನಾಗಿ ಹೀರುತ್ತೆ, ಹೊಟ್ಟೆ ಉರಿನೂ ಕಮ್ಮಿ. ಮಾತ್ರೆಗೆ ಹಿಂದೆ-ಮುಂದೆ ಎರಡು ಗಂಟೆ ಕಾಫಿ, ಟೀ, ಹಾಲು ಬೇಡ. ನಮ್ಮ ಕಡೆ ಊಟ ಆದ ಕೂಡ್ಲೇ ಕಾಫಿ ಲೋಟ ಬರುತ್ತಲ್ಲ, ಅದೇ ದೊಡ್ಡ ತೊಂದ್ರೆ. ನಿಂಬೆಹಣ್ಣಿನ ಪಾನಕ ಕುಡೀಲಿ. ಥೈರಾಯ್ಡ್ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ. ಮಲ ಕಪ್ಪಾಗೋದು ಸಹಜ. ಹಿಮೋಗ್ಲೋಬಿನ್ ಸರಿಯಾದ್ಮೇಲೂ ಮೂರು ತಿಂಗಳು ಬಿಡ್ಬಾರ್ದು, ಶೇಖರಣೆ ತುಂಬ್ಬೇಕು. ಕಾಲೇಜಲ್ಲಿ ವಾರಕ್ಕೊಂದು ಕೊಡೋ ನೀಲಿ ಐರನ್ ಮಾತ್ರೆ ಬಗ್ಗೆನೂ ಡಾಕ್ಟ್ರಿಗೆ ಹೇಳಿ.

ಮೂರು ತಿಂಗಳು ಆಯ್ತಲ್ಲ, ಹೆರಿಗೆ-ಸ್ತ್ರೀರೋಗ ಡಾಕ್ಟ್ರಿಗೆ ಈ ವಾರವೇ ತೋರ್ಸಿ. ಒಳಪದರ ಹಾಗೇ ಬೆಳೀತಾ ಕೂರೋದು ಒಳ್ಳೇದಲ್ಲ. ಗಂಟೆಗೊಂದು ಪ್ಯಾಡ್ ತುಂಬಿ ಎರಡು ಗಂಟೆ ಹೋದ್ರೆ, ತಲೆ ಸುತ್ತಿದ್ರೆ, ಮಳೆ ನಿಲ್ಲಲಿ ಅಂತ ಕಾಯ್ದೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗಿ. ರಿಪೋರ್ಟ್ ಬಂದ್ಮೇಲೆ ಗ್ರೂಪಲ್ಲಿ ಹಾಕ್ಬೇಡಿ, ಅವಳಿಗೆ ಮುಜುಗರ ಆಗುತ್ತೆ, ನನಗೊಬ್ಬಳಿಗೇ ಕಳ್ಸಿ.