ಶನಿವಾರ ಉಪವಾಸ, ಭಾನುವಾರ 72.7, ಸೋಮವಾರ 74: ಇದೇನು ಕಥೆ?

ಪ್ರಶ್ನೆ (ಹಾಸನ, 41 ವರ್ಷ, ಶಾಲೆಯಲ್ಲಿ ಟೀಚರ್)

ನಮಸ್ತೆ ಮೇಡಂ. ಶ್ರಾವಣ ಶುರುವಾದಾಗಿನಿಂದ ಡಯಟ್ ಹಿಡಿದಿದ್ದೇನೆ. ಸಕ್ಕರೆ ಬಿಟ್ಟೆ, ರಾತ್ರಿ ಊಟ ಏಳೂವರೆಗೇ ಮುಗಿಸ್ತೀನಿ, ಒಂದು ಮುದ್ದೆ ಇದ್ದದ್ದು ಅರ್ಧ ಆಯಿತು. ಶನಿವಾರ ಬರೀ ಹಾಲು, ಹಣ್ಣು. ದಿನಾ ಬೆಳಿಗ್ಗೆ ತೂಕ ನೋಡಿ ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡ್ತೀನಿ. ಮೊದಲ ವಾರ ಸೋಮವಾರದಿಂದ ಭಾನುವಾರದವರೆಗೆ: 74.6, 74.3, 74.5, 74.0, 74.2, 73.9, 73.1. ಎರಡನೇ ವಾರ: 74.4, 74.1, 73.8, 73.6, 73.7, 73.5, 72.7.

ನಿನ್ನೆ ಭಾನುವಾರ 72.7 ಕಂಡಾಗ ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಮಧ್ಯಾಹ್ನ ಅಣ್ಣನ ಮನೆಯಲ್ಲಿ ಊಟ. ಇವತ್ತು ಬೆಳಿಗ್ಗೆ ನೋಡಿದರೆ 74.0! ಒಂದೇ ದಿನಕ್ಕೆ 1.3 ಕೆಜಿ ಬೊಜ್ಜು ಬಂತಾ? ಎರಡು ವಾರ ಬಾಯಿ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ.

ಉತ್ತರ (ಡಯಟಿಷಿಯನ್)

ಬೊಜ್ಜು ಬಂದಿಲ್ಲ. ಬೇಜಾರು ಪಕ್ಕಕ್ಕಿಟ್ಟು ಒಂದು ಲೆಕ್ಕ ನೋಡಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರಬೇಕಾದರೆ ನಿಮ್ಮ ದಿನದ ಖರ್ಚು ಕಳೆದ ಮೇಲೆ ಸುಮಾರು 7700 ಕ್ಯಾಲೊರಿ ಜಾಸ್ತಿ ಹೋಗಬೇಕು. 1.3 ಕೆಜಿಗೆ ಹತ್ತು ಸಾವಿರ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 320ರ ಆಸುಪಾಸು ಕ್ಯಾಲೊರಿ ಇರುತ್ತದೆ. ಅಂದರೆ ಮಾಮೂಲಿ ಊಟದ ಮೇಲೆ ಇನ್ನೂ ಮೂವತ್ತೊಂದು ಮುದ್ದೆ ತಿಂದಿರಬೇಕು. ನಿಮ್ಮ ಅತ್ತಿಗೆ ಎಷ್ಟೇ ಒತ್ತಾಯ ಮಾಡಿ ಬಡಿಸಿದ್ದರೂ ಅದು ಆಗದ ಮಾತು.

ಅಂದಹಾಗೆ ನಿನ್ನೆ ಏನೇನು ಊಟ ಮಾಡಿದಿರಿ? ಮುಚ್ಚುಮರೆ ಇಲ್ಲದೆ ಹೇಳಿ.

ಪ್ರಶ್ನೆ ಕೇಳಿದವರು

ಚಿತ್ರಾನ್ನ, ಕೋಸಂಬರಿ, ಎರಡು ಒಬ್ಬಟ್ಟು ತುಪ್ಪ ಹಾಕಿ, ಅನ್ನಕ್ಕೆ ಒಬ್ಬಟ್ಟಿನ ಸಾರು (ಎರಡು ಸಲ), ಹಪ್ಪಳ ಮೂರು, ಮಾವಿನಕಾಯಿ ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ ಅನ್ನ. ರಾತ್ರಿ ಅವರು ಕಟ್ಟಿಕೊಟ್ಟ ಒಬ್ಬಟ್ಟು ಇನ್ನೊಂದು. 😔

ಉತ್ತರ

ಆ ಅಳುಮೋರೆ ಬೇಡ, ಒಳ್ಳೆ ಊಟ. ಈಗ ಇದು ತಕ್ಕಡಿ ಮೇಲೆ ಹೇಗೆ ಕೂತಿತು ನೋಡೋಣ.

ಅನ್ನ, ರಾಗಿ, ಬೆಲ್ಲದಿಂದ ಬರುವ ಸಕ್ಕರೆ ಅಂಶವನ್ನು ಮೈ ಒಂದಷ್ಟು ಕೂಡಿಡುತ್ತದೆ. ಅದರ ಹೆಸರು ಗ್ಲೈಕೋಜನ್. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಹಿಡಿಯುತ್ತದೆ. ಇದು ಒಣಗಿದ ದಾಸ್ತಾನು ಅಲ್ಲ, ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಇರುತ್ತದೆ. ಶನಿವಾರ ನೀವು ಹಾಲು ಹಣ್ಣಿನಲ್ಲಿ ದಿನ ಕಳೆದಾಗ ಮೈ ಈ ದಾಸ್ತಾನಿಗೆ ಕೈ ಹಾಕಿತು, 150 ಗ್ರಾಂ ಖರ್ಚಾಯಿತು ಅಂತ ಇಟ್ಟುಕೊಳ್ಳಿ, ಅದರ ಜೊತೆಯ ನೀರೂ ಸೇರಿ 600 ಗ್ರಾಂ ಹೋಯಿತು. ಜೊತೆಗೆ ಹೊಟ್ಟೆ, ಕರುಳೂ ಖಾಲಿ. ಹಾಗಾಗಿ ಭಾನುವಾರ 72.7. ಅದರಲ್ಲಿ ಕರಗಿದ ಕೊಬ್ಬು ಬಹಳ ಸ್ವಲ್ಪ. ಭಾನುವಾರದ ಅನ್ನ ಒಬ್ಬಟ್ಟು ಆ ದಾಸ್ತಾನನ್ನು ವಾಪಸ್ ತುಂಬಿತು, ನೀರೂ ವಾಪಸ್ ಬಂತು.

ಇನ್ನು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ನೋಡಿದ್ದೀರಲ್ಲ, ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ನಮ್ಮ ರಕ್ತದ ನೀರಿನಲ್ಲೂ ಹೆಚ್ಚುಕಡಿಮೆ ಅದೇ ಹದ. ಉಪ್ಪು ಜಾಸ್ತಿ ಒಳಗೆ ಹೋದರೆ ಹದ ಕೆಡಬಾರದು ಅಂತ ಮೈ ಅದಕ್ಕೆ ತಕ್ಕ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಹಬ್ಬದೂಟ ಆದ ಮೇಲೆ ಅಷ್ಟು ಬಾಯಾರಿಕೆ. ನಾಲ್ಕು ಗ್ರಾಂ ಉಪ್ಪು ಹೆಚ್ಚಾದರೆ ನಾನೂರು ಎಂಎಲ್ ನೀರು ಒಂದೆರಡು ದಿನ ಒಳಗೇ ಕೂರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಹಪ್ಪಳ, ಉಪ್ಪಿನಕಾಯಿ, ಎರಡು ಸಲ ಸಾರು ಇರುವ ಊಟ ಒಂದರಲ್ಲೇ ಅಷ್ಟು ಮುಗಿದಿರುತ್ತದೆ.

ಉಳಿದದ್ದು ಇನ್ನೂ ಕರುಳಿನಲ್ಲಿ ಇರುವ ಊಟದ ಭಾರ. 600, 400, ಇನ್ನೊಂದು 300. 1.3 ಕೆಜಿ ಆಯಿತಲ್ಲ. ಈ ಮೂರು ಅಂಕಿ ನಾನು ಅಂದಾಜಿನಲ್ಲಿ ಹಾಕಿದ್ದು, ನಿಮ್ಮ ಮೈಯಲ್ಲಿ ಒಂದು ಹೆಚ್ಚು ಇನ್ನೊಂದು ಕಡಿಮೆ ಇರಬಹುದು. ಆದರೆ ವಿಷಯ ಇದೇ.

ನಿಮ್ಮ ತಪ್ಪು ಇರುವುದು ಊಟದಲ್ಲಲ್ಲ, ಹೋಲಿಕೆಯಲ್ಲಿ. ಉಪವಾಸದ ಮಾರನೇ ದಿನವನ್ನು ಹಬ್ಬದೂಟದ ಮಾರನೇ ದಿನದ ಪಕ್ಕ ಇಟ್ಟು ನೋಡಿದಿರಿ. ಸೋಮವಾರವನ್ನು ಸೋಮವಾರದ ಪಕ್ಕ ಇಡಿ: 74.6, 74.4, 74.0. ಭಾನುವಾರದ ಪಕ್ಕ ಭಾನುವಾರ: 73.1, 72.7. ಏಳು ದಿನದ ಸರಾಸರಿ ತೆಗೆದರೆ ಮೊದಲ ವಾರ 74.1, ಎರಡನೇ ವಾರ 73.7. ನಾನೂರು ಗ್ರಾಂ ಇಳಿದಿದ್ದೀರಿ. ಅಷ್ಟೂ ಕೊಬ್ಬೇ ಅಂತ ಹಿಡಿದರೆ ದಿನಕ್ಕೆ 440 ಕ್ಯಾಲೊರಿ ಕಡಿಮೆ ಮಾಡಿದ ಹಾಗೆ, ಅರ್ಧ ಮುದ್ದೆ ಮತ್ತು ಸಕ್ಕರೆ ಬಿಟ್ಟದ್ದಕ್ಕೆ ಇದು ಸರಿಯಾಗಿ ತಾಳೆಯಾಗುತ್ತದೆ. ನೋಟ್‌ಬುಕ್ಕಿನಲ್ಲಿ ಉತ್ತರ ಆಗಲೇ ಇತ್ತು ಟೀಚರ್, ನೀವು ಕೊನೇ ಸಾಲು ಮಾತ್ರ ಓದಿದಿರಿ.

ಇನ್ನೊಬ್ಬರು (ಚಿಕ್ಕಮಗಳೂರು, 36, ಕಾಫಿ ತೋಟದಲ್ಲಿ ರೈಟರ್)

ಮೇಡಂ, ನಂದು ಇದಕ್ಕೂ ವಿಚಿತ್ರ. ಹೋದ ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಿದೆ. ರಾತ್ರಿ ಹೊರಟು ಬರಿಗಾಲಲ್ಲಿ ಹತ್ತಿ ಇಳಿದು ಮನೆಗೆ ಬಂದಾಗ ಹಿಂದಿನ ದಿನಕ್ಕಿಂತ ಒಂದೂವರೆ ಕೆಜಿ ಕಡಿಮೆ ಇದ್ದೆ. ಮಾರನೇ ದಿನ ಹಳೇ ತೂಕ. ಅದರ ಮಾರನೇ ದಿನ ಹಳೇ ತೂಕಕ್ಕಿಂತ 800 ಗ್ರಾಂ ಜಾಸ್ತಿ! ಅಷ್ಟು ಬೆವರು ಸುರಿಸಿದ್ದಕ್ಕೆ ದೇವಿ ಕೊಟ್ಟ ಪ್ರಸಾದ ಇದೇನಾ?

ಉತ್ತರ

ತೊಡೆ, ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯೋಕೆ ಆಗದೆ ಒದ್ದಾಡಿದಿರಿ ಅಲ್ವಾ? ಉತ್ತರ ಅಲ್ಲೇ ಇದೆ. ರೂಢಿ ಇಲ್ಲದ ಕೆಲಸ, ಅದರಲ್ಲೂ ಇಳಿಜಾರು ಇಳಿಯುವುದು, ಸ್ನಾಯುವಿನ ಎಳೆಗಳನ್ನು ಸಣ್ಣಗೆ ಹರಿಯುತ್ತದೆ. ಅದನ್ನು ರಿಪೇರಿ ಮಾಡುವಾಗ ಅಲ್ಲಿ ನೀರು ತುಂಬಿಕೊಂಡು ಸ್ವಲ್ಪ ಊದುತ್ತದೆ. ನೋವು ಜೋರಾಗುವುದು ಎರಡನೇ ದಿನ, ನಿಮ್ಮ ತೂಕ ಏರಿದ್ದೂ ಎರಡನೇ ದಿನ. ಮೊದಲು ಕಡಿಮೆಯಾದ ಒಂದೂವರೆ ಕೆಜಿ ಹೆಚ್ಚಿನ ಪಾಲು ಬೆವರು, ನೀರು ಕುಡಿದ ಕೂಡಲೇ ವಾಪಸ್. ಜಿಮ್‌ಗೆ ಸೇರಿದ ಮೊದಲ ಹದಿನೈದು ದಿನದಲ್ಲಿ "ತೂಕ ಏರ್ತಿದೆ" ಅಂತ ಬಿಟ್ಟು ಬರುವವರಿಗೂ ಇದೇ ಮಾತು.

ಇದೇ ನೀರಿನ ಆಟ ತೋರಿಸಿ "ಏಳು ದಿನದಲ್ಲಿ ನಾಲ್ಕು ಕೆಜಿ" ಅಂತ ಪುಡಿ ಡಬ್ಬಿ ಮಾರುವವರೂ ಇದ್ದಾರೆ. ಅನ್ನ, ಚಪಾತಿ, ಉಪ್ಪು ಒಂದು ವಾರ ಬಿಡಿಸಿದರೆ ಡಬ್ಬಿ ಇಲ್ಲದೆಯೂ ಮುಳ್ಳು ಎರಡು ಕೆಜಿ ಇಳಿಯುತ್ತದೆ.

ಮತ್ತೊಬ್ಬರು (ಸಕಲೇಶಪುರ)

ಅಕ್ಕ, ನಾನು ಸೋಮವಾರ, ಶನಿವಾರ ಎರಡೂ ದಿನ ಉಪವಾಸ. ಮೂರು ತಿಂಗಳಾಯಿತು, ಸರಾಸರಿ ತೆಗೆದರೂ ಒಂದು ಗ್ರಾಂ ಇಳಿದಿಲ್ಲ.

ಉತ್ತರ

ಉಪವಾಸ ಅಂದರೆ ಯಾವ ಉಪವಾಸ? ನಮ್ಮ ಕಡೆ ಅನ್ನ ಒಂದು ಬಿಟ್ಟು ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಸಬ್ಬಕ್ಕಿ, ಸಂಜೆ ಬಾಳೆಹಣ್ಣಿನ ರಸಾಯನ, ರಾತ್ರಿ ಮೊಸರವಲಕ್ಕಿ ತಿಂದರೂ ಉಪವಾಸವೇ. ದೇವರಿಗೆ ಅದು ನಡೆಯುತ್ತದೆ, ನನ್ನ ತಕರಾರಿಲ್ಲ. ಆದರೆ ನೂರು ಗ್ರಾಂ ಸಬ್ಬಕ್ಕಿಯಲ್ಲಿ 350 ಕ್ಯಾಲೊರಿ ಇದೆ, ಅಕ್ಕಿಗಿಂತ ಏನೂ ಕಡಿಮೆ ಇಲ್ಲ, ಪ್ರೋಟೀನ್ ಅಂತೂ ಇಲ್ಲವೇ ಇಲ್ಲ. ಮೇಲೆ ಕಡಲೆಬೀಜ, ಎಣ್ಣೆ. ನಮ್ಮ ಅಮ್ಮನೇ "ಉಪವಾಸ ಅಲ್ವಾ, ಪಾಪ" ಅಂತ ಎರಡು ಸೌಟು ಜಾಸ್ತಿ ಹಾಕ್ತಾರೆ.

ಇನ್ನೊಬ್ಬರು (ಬೇಲೂರು)

ಮೇಡಂ, ಅಪ್ಪನಿಗೆ 63, ಶುಗರ್ ಇದೆ. ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಎರಡೂ ಮಾತ್ರೆ. ಏಕಾದಶಿ ದಿನ ಒಂದು ತೊಟ್ಟು ನೀರೂ ಮುಟ್ಟಲ್ಲ. ದ್ವಾದಶಿ ಬೆಳಿಗ್ಗೆ ಒಂದೂವರೆ ಕೆಜಿ ಇಳಿದಿರುತ್ತೆ, "ನೋಡು, ಡಾಕ್ಟರ್ ಹೇಳಿದ್ದು ಮಾಡಿದೆ" ಅಂತಾರೆ. ಸರಿನಾ?

ಉತ್ತರ

ಇದು ಸರಿಯಲ್ಲ. ತೂಕದ ಮಾತು ಬಿಡಿ, ಅಪಾಯ ಬೇರೆ ಇದೆ. ಗ್ಲಿಮೆಪಿರೈಡ್ ನೀವು ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ, ಖಾಲಿ ಹೊಟ್ಟೆಯಲ್ಲಿ ಶುಗರ್ ತೀರಾ ಕೆಳಗೆ ಬೀಳಬಹುದು. ಡಾಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀರು ಕುಡಿಯದೆ ಉಪವಾಸ ಮಾಡಿದರೆ ಮೈ ಒಣಗುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಭಯವೂ ಇದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ನೀವೇ ಅರ್ಧ ಮಾಡಬೇಡಿ. ಮುಂದಿನ ಏಕಾದಶಿಗೆ ಮೊದಲೇ ಮಾತ್ರೆ ಬರೆದುಕೊಟ್ಟ ಡಾಕ್ಟರ್ ಹತ್ತಿರ ಅಪ್ಪನನ್ನೇ ಕರೆದುಕೊಂಡು ಹೋಗಿ, ಉಪವಾಸ ಮಾಡಬಹುದಾ, ಮಾಡಿದರೆ ಮಾತ್ರೆ ಹೇಗೆ ಅಂತ ಕೇಳಿ.

ಈ ನಡುವೆ ಯಾವತ್ತಾದರೂ ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತಡವರಿಸಿದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ನೋಡಲು ಮಷಿನ್ ಇಲ್ಲದಿದ್ದರೆ ಕಾಯದೆ ಸಕ್ಕರೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆ. ಆ ಒಂದೂವರೆ ಕೆಜಿ ನೀರು, ಪಾರಣೆ ಮುಗಿದು ಸಂಜೆಯ ಹೊತ್ತಿಗೆ ಬಹುಪಾಲು ವಾಪಸ್ ಬಂದಿರುತ್ತದೆ, ಅಪ್ಪನಿಗೆ ಸಂಜೆ ಒಮ್ಮೆ ತೂಕ ನೋಡಿಸಿ.

ಒಬ್ಬರು (ಹಾಸನ)

ಗುಂಪಿನಲ್ಲಿ ಕೇಳೋದು ಹೇಗೋ ಅನಿಸಿತು ಮೇಡಂ, ಆದರೂ ಕೇಳ್ತೀನಿ. ತಿಂಗಳ ರಜೆಗೆ ನಾಲ್ಕೈದು ದಿನ ಮುಂಚೆ ಉಂಗುರ ಬಿಗಿ, ತೂಕ ಒಂದೂವರೆ ಕೆಜಿ ಮೇಲೆ. ಡಯಟ್ ಅದೇ.

ಉತ್ತರ

ಕೇಳಿದ್ದು ಒಳ್ಳೆಯದಾಯಿತು, ಕೇಳದೆ ಒಳಗೇ ಕೊರಗುವವರು ಜಾಸ್ತಿ. ಹಾರ್ಮೋನ್ ಏರಿಳಿತಕ್ಕೆ ಮೈ ನೀರು ಹಿಡಿಯುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಮುಟ್ಟಾದ ಮೇಲೆ ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ. ನಿಮಗೆ ವಾರದ ಸರಾಸರಿಯೂ ಸಾಲದು, ಈ ತಿಂಗಳ ಮುಟ್ಟು ಮುಗಿದ ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ.

ಇಲ್ಲಿ ಒಂದು ಮಾತು ಎಲ್ಲರಿಗೂ. ನಾನು "ನೀರು, ನೀರು" ಅಂತ ಹೇಳುತ್ತಿರುವುದು ಆರೋಗ್ಯವಾಗಿ ಇರುವವರ ವಿಷಯ. ಮನೆಯಲ್ಲಿ ಹೃದಯದ ತೊಂದರೆಯೋ ಕಿಡ್ನಿ ತೊಂದರೆಯೋ ಇರುವವರಿಗೆ ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಪಾದ ಒತ್ತಿದಾಗ ಗುಳಿ ಬಿದ್ದರೆ, ಮಲಗಿದರೆ ಉಸಿರು ಕಟ್ಟಿದರೆ, ಸರಾಸರಿ ಲೆಕ್ಕ ಹಾಕುತ್ತಾ ಕೂರಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಹಾಗೆಯೇ ಡಯಟ್ ಇಲ್ಲದೆ ತಿಂಗಳುಗಟ್ಟಲೆ ತೂಕ ಸುಮ್ನೆ ಇಳಿಯುತ್ತಿದ್ದರೂ ಖುಷಿ ಪಡಬೇಡಿ, ತೋರಿಸಿ.

ಪ್ರಶ್ನೆ ಕೇಳಿದವರು

ಅರ್ಥ ಆಯಿತು ಮೇಡಂ. ಹಾಗಾದರೆ ದಿನಾ ನೋಡೋದೇ ಬಿಟ್ಟು ವಾರಕ್ಕೊಮ್ಮೆ ನೋಡಲಾ? ಮತ್ತೆ ನಮ್ಮ ಮಷಿನ್ ಹಾಲ್‌ನಲ್ಲಿ ಒಂದು ತೋರಿಸುತ್ತೆ, ಅಡುಗೆಮನೆಯಲ್ಲಿ ಇನ್ನೊಂದು. ಕೊಬ್ಬು ಎಷ್ಟು ಪರ್ಸೆಂಟ್ ಅಂತನೂ ತೋರಿಸುತ್ತೆ, ಅದೂ ದಿನಕ್ಕೊಂದು.

ಉತ್ತರ

ವಾರಕ್ಕೊಮ್ಮೆ ನೋಡುವವರು ಪ್ರತಿ ವಾರ ಅದೇ ದಿನ ನೋಡಬೇಕು. ಆದರೂ ಆ ಒಂದು ದಿನ ಹಿಂದಿನ ರಾತ್ರಿ ಬೀಗರೂಟ ಆಗಿದ್ದರೆ ಇಡೀ ವಾರ ತಲೆ ಕೆಡುತ್ತದೆ. ಅದಕ್ಕೆ ನನ್ನ ಆಯ್ಕೆ ದಿನಾ ನೋಡಿ, ಬರೆದು, ಸರಾಸರಿಯನ್ನು ಮಾತ್ರ ನಂಬುವುದು. ಆದರೆ ಅಂಕಿ ನೋಡಿದ ಕೂಡಲೇ ಮಧ್ಯಾಹ್ನದ ಊಟ ಬಿಡುವ ಸ್ವಭಾವ ಇದ್ದರೆ ಮಷಿನ್ ಮಂಚದ ಕೆಳಗೆ ತಳ್ಳಿ, ಸೊಂಟಕ್ಕೆ ಟೇಪ್ ಹಿಡಿದು ಹದಿನೈದು ದಿನಕ್ಕೊಮ್ಮೆ ಅಳೆಯಿರಿ.

ಮಷಿನ್ ಗಟ್ಟಿ, ಸಮ ನೆಲದ ಮೇಲೆ ಒಂದೇ ಜಾಗದಲ್ಲಿರಲಿ. ಹಳೇ ಮನೆಯ ಕಲ್ಲು ಚಪ್ಪಡಿ ಮೇಲೆ ಒಂದು ಕಾಲು ಎತ್ತಿಕೊಂಡು ಕೂತರೆ ಅದು ಸುಳ್ಳು ಹೇಳುತ್ತದೆ, ಕಾರ್ಪೆಟ್ ಮೇಲೂ ಅಷ್ಟೇ. ಕೊಬ್ಬಿನ ಪರ್ಸೆಂಟ್ ಅನ್ನು ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುತ್ತದೆ, ಮೈಯಲ್ಲಿ ನೀರು ಹೆಚ್ಚು ಕಡಿಮೆ ಆದರೆ ಆ ಅಂದಾಜೂ ಅಲುಗಾಡುತ್ತದೆ. ಅದನ್ನು ಬರೆಯಲೇಬೇಡಿ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ಹತ್ತಿ. ಅರ್ಧ ಲೀಟರ್ ನೀರು ಕುಡಿದು ಹತ್ತಿದರೆ ಅರ್ಧ ಕೆಜಿ ಜಾಸ್ತಿ, ಅದರಲ್ಲಿ ಯಾವ ಮಾಯವೂ ಇಲ್ಲ. ಹಾಗಂತ ತೂಕ ಕಡಿಮೆ ತೋರಿಸಲಿ ಅಂತ ನೀರು ಬಿಡುವವರೂ ಇದ್ದಾರೆ, ತಲೆನೋವು ಬಿಟ್ಟು ಬೇರೇನೂ ಸಿಗುವುದಿಲ್ಲ.

ಚಿಕ್ಕಮಗಳೂರಿನ ರೈಟರ್

ಮೇಡಂ, ಉಳಿದದ್ದೆಲ್ಲ ಒಪ್ಪಿದೆ. ಬೆಳಿಗ್ಗೆ ಕಾಫಿ ಕುಡಿಯದೆ ತೂಕದ ಮಷಿನ್ ಹತ್ತೋದು ಮಾತ್ರ ನಮ್ಮ ಊರಲ್ಲಿ ಆಗಲ್ಲ. ಕಾಫಿ ಆಗದೆ ನಮಗೆ ಶೌಚವೂ ಆಗಲ್ಲ.

ಉತ್ತರ

ಹಾಗಾದರೆ ದಿನಾ ಕಾಫಿ ಆದ ಮೇಲೇ ಹತ್ತಿ. ಲೋಟ ಮಾತ್ರ ಬದಲಾಯಿಸಬೇಡಿ.