ಟಾಮ್ ಮೂರ್ ಅವರ ಕೀರ್ತಿಯಲ್ಲಿ ಮ್ಯಾನಿಂಗ್ ಪಾಲೆಷ್ಟು?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣದ ತಂತ್ರಗಾರರ ಮಾತು ಬಂದಾಗಲೆಲ್ಲ ಟಾಮ್ ಮೂರ್ ಹೆಸರು ಕೇಳಿಬರುತ್ತದೆ. ಆದರೆ ಅವರು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಮ್ಮೆಯೂ ಮುಖ್ಯ ಕೋಚ್ ಆದವರಲ್ಲ. ಮೂರ್ ಆಕ್ರಮಣ ವಿಭಾಗದ ಕೋಚ್ ಆಗಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ (ಆಕ್ರಮಣವನ್ನು ಮುನ್ನಡೆಸಿ ಪಾಸ್ ಎಸೆಯುವ ಆಟಗಾರ) ಪೇಟನ್ ಮ್ಯಾನಿಂಗ್ ಅವರೇ ಮೈದಾನದಲ್ಲಿ ಕೈಸನ್ನೆ ಮಾಡುತ್ತ, ಕೂಗಿ ಹೇಳುತ್ತ ಆಟವನ್ನು ಬದಲಿಸುತ್ತಿದ್ದರು ಎಂದಮೇಲೆ ಮೂರ್ ಅವರಿಗೆ ಉಳಿದ ಕೆಲಸವಾದರೂ ಏನು?

ಮೊದಲ ಉತ್ತರ:
ಹಾಗೆ ಬದಲಿಸಲು ಅವಕಾಶ ಕೊಟ್ಟದ್ದೇ ಮೂರ್ ಅವರ ವ್ಯವಸ್ಥೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿ ಕೋಚ್ ಮಾತು ಕೇಳಿಸುವ ರೇಡಿಯೊ, ಪ್ರತಿ ಸಲ ಆಟ ಆರಂಭಿಸಲು 15 ಸೆಕೆಂಡು ಉಳಿದಾಗ ಸ್ತಬ್ಧವಾಗುತ್ತದೆ. ಅಷ್ಟರೊಳಗೆ ಮೂರ್ ಒಂದೇ ಆದೇಶ ಕೊಡುವ ಬದಲು ಕೆಲವು ಆಯ್ಕೆಗಳನ್ನು ಕೊಡುತ್ತಿದ್ದರು, ಎದುರಾಳಿ ರಕ್ಷಣೆ ನಿಂತ ಬಗೆಯನ್ನು ನೋಡಿ ಮ್ಯಾನಿಂಗ್ ಅವುಗಳಲ್ಲೊಂದನ್ನು ಆರಿಸುತ್ತಿದ್ದರು. ಇದು ಸಾಧ್ಯವಾಗಬೇಕಾದರೆ ಆಟದ ತಂತ್ರಗಳ ಪಟ್ಟಿ ಚಿಕ್ಕದಾಗಿರಬೇಕು. ಪಾಸ್ ಹಿಡಿಯುವವರಲ್ಲಿ ಮಾರ್ವಿನ್ ಹ್ಯಾರಿಸನ್ ಬಹುಪಾಲು ಬಲಕ್ಕೆ, ರೆಗ್ಗಿ ವೇನ್ ಎಡಕ್ಕೆ ನಿಲ್ಲುತ್ತಿದ್ದರು. ಚೆಂಡು ಹಿಡಿದು ಓಡುವ ಆಟಗಾರ ಎಜರಿನ್ ಜೇಮ್ಸ್ ಚೆಂಡಿಗಾಗಿ ಅಂಚಿನ ಕಡೆ ಓಡುವ ದೃಶ್ಯ ನಿಜವಾದ ಓಟದಲ್ಲೂ ಪಾಸ್‌ಗೆ ಮುನ್ನದ ಹುಸಿ ಓಟದಲ್ಲೂ ಒಂದೇ ತೆರನಾಗಿರುತ್ತಿತ್ತು. ಮ್ಯಾನಿಂಗ್ ಚೆಂಡನ್ನು ಸೊಂಟದ ಮರೆಗೆ ಎಳೆದುಕೊಳ್ಳುವ ಹೊತ್ತಿಗೆ ರಕ್ಷಣಾ ಆಟಗಾರ ಎರಡು ಹೆಜ್ಜೆ ಮುಂದೆ ಬಂದು ಮೋಸಹೋಗಿರುತ್ತಿದ್ದ.

ಎರಡನೆಯ ಉತ್ತರ:
ವ್ಯವಸ್ಥೆಯ ಮಾತನ್ನು ಒಪ್ಪುತ್ತೇನೆ, ಆದರೂ 2004ರಲ್ಲಿ 49 ಟಚ್‌ಡೌನ್ ಪಾಸ್‌ಗಳನ್ನು (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತಂದ ಪಾಸ್‌ಗಳನ್ನು) ಎಸೆದ ತೋಳು ಮ್ಯಾನಿಂಗ್ ಅವರದೇ. ಮೂರ್ ಅವರನ್ನು ಅಳೆಯಬೇಕಾದರೆ ಅವರೇ ಆಕ್ರಮಣವನ್ನು ನೋಡಿಕೊಳ್ಳುತ್ತಿದ್ದ 1995ರ ಡೆಟ್ರಾಯಿಟ್ ಲಯನ್ಸ್ ತಂಡವನ್ನು ನೋಡಿ. ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಮಿಚೆಲ್. ಅವರನ್ನು ಯಾರೂ ಮ್ಯಾನಿಂಗ್ ಸಾಲಿನಲ್ಲಿ ಕೂರಿಸುವುದಿಲ್ಲ. ಆದರೂ ಆ ವರ್ಷ ಲಯನ್ಸ್ ಆಟಗಾರರಾದ ಹರ್ಮನ್ ಮೂರ್ 123, ಬ್ರೆಟ್ ಪೆರಿಮನ್ 108 ಪಾಸ್‌ಗಳನ್ನು ಹಿಡಿದರು, ಬ್ಯಾರಿ ಸ್ಯಾಂಡರ್ಸ್ 1,500 ಗಜ ಓಡಿದರು. (ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯ ವಿರುದ್ಧ 58–37ರಿಂದ ಸೋತದ್ದು ಬೇರೆ ಮಾತು, ಅಲ್ಲಿ ಕೈಕೊಟ್ಟದ್ದು ರಕ್ಷಣೆಯೂ ಹೌದು.)

ಪ್ರಶ್ನೆ ಕೇಳಿದವರು:
ಲಯನ್ಸ್ ವಿಷಯ ನನಗೆ ಹೊಸದು. ಹಾಗಾದರೆ 1998ರಲ್ಲಿ, ಮೊದಲ ವರ್ಷದಲ್ಲೇ ಮ್ಯಾನಿಂಗ್ 28 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್) ಕೊಟ್ಟದ್ದೇಕೆ?

ಮೊದಲ ಉತ್ತರ ಬರೆದವರು:
ಆ ವರ್ಷ ತಂಡ ಗೆದ್ದದ್ದು ಮೂರೇ ಪಂದ್ಯ. ಆದರೂ 16 ಪಂದ್ಯಗಳಲ್ಲಿಯೂ ಅವರನ್ನೇ ಆಡಿಸಿದರು, ಹೆದರಿ ಪಾಸ್‌ಗಳನ್ನು ಕಡಿಮೆ ಮಾಡಲಿಲ್ಲ. ಮರುವರ್ಷ ಜೇಮ್ಸ್ ಬಂದರು, 13 ಗೆಲುವು ಬಂತು. 1977ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದ್ದ ಮೂರ್, 2021ರ ಫೆಬ್ರವರಿಯಲ್ಲಿ ಟ್ಯಾಂಪಾ ಬೇ ತಂಡ ಎನ್‌ಎಫ್‌ಎಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ 82ರ ವಯಸ್ಸಿನಲ್ಲಿ ಇನ್ನೂ ಸಹಾಯಕರಾಗಿಯೇ ಇದ್ದರು.